ಮನೆ ಮುಟ್ಟಿದ ಮೇಲೆ

ಮಳಖೇಡದ ಅಂಬಿಗರ ದೇವೀಂದ್ರಪ್ಪನ ಮಗಳು ರಾಧಿಕಾ ಬಹಳ ವರ್ಷ ಪತ್ರಿಕೆಯ ವರದಿಗಾರ್ತಿಯಾಗಿದ್ದಳು. ತನ್ನ ಜನರ ಮಾತನ್ನು ಅಚ್ಚಿನ ಕನ್ನಡಕ್ಕೆ ತಿದ್ದಿ ತಿದ್ದಿ ಬೇಸತ್ತು, ಸೇಡಂನಲ್ಲಿ ಸ್ವಂತ ಸುದ್ದಿವಾಹಿನಿ ತೆರೆದಳು. ಸುದ್ದಿಯೆಲ್ಲ ಈ ಸೀಮೆಯ ಆಡುಮಾತಿನಲ್ಲೇ. ಮೊದಲು ನಕ್ಕವರೇ, ಚಿಂಚೋಳಿಯಿಂದ ಶಹಾಬಾದದವರೆಗೆ, ಸಂಜೆಯಾದರೆ ಫೋನು ಹಿಡಿದು ಕೂರತೊಡಗಿದರು. ದೇವೀಂದ್ರಪ್ಪ ಕಾಗಿಣಾ ನದಿಯ ದಂಡೆಯಲ್ಲಿ ಬಲೆ ಬಿಡಿಸುತ್ತಲೇ ಮಗಳ ದನಿ ಕೇಳುತ್ತಿದ್ದ.

ನಮ್ಮ ಕಡೆ ದೂರದಲ್ಲಿರುವವರಿಗೆ ಸಾವನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಆರಾಮಿಲ್ಲ, ಬರ್ರಿ’ ಎಂದಷ್ಟೇ ಹೇಳಿ ಕರೆಸುತ್ತಾರೆ. ಉಳಿದದ್ದು ಮನೆಯ ಅಂಗಳದಲ್ಲಿ ತಾನೇ ತಿಳಿಯುತ್ತದೆ. ರಾಧಿಕಾ ಅದನ್ನೇ ವಾಹಿನಿಯ ನಿಯಮ ಮಾಡಿದಳು. ಮನೆಯವರು ಊರಿಗೆ ಬಂದು ಮುಟ್ಟುವ ತನಕ ಸತ್ತವರ ಹೆಸರು ಓದಕೂಡದು.

ಇದರಿಂದ ಅಪಘಾತದ ಸುದ್ದಿಯಲ್ಲೆಲ್ಲ ವಾಹಿನಿ ಹಿಂದೆ ಬೀಳುತ್ತಿತ್ತು. ಕ್ಯಾಮೆರಾದ ಚೌಡೇಶ ಸಿಡುಕುತ್ತಿದ್ದ: “ಎಲ್ಲಾರೂ ಹೇಳಿ ಮುಗಿಸ್ಯಾರ್ರಿ ಅಕ್ಕಾ. ನಾವಷ್ಟೇ ಬಾಯಿ ಮುಚ್ಕೊಂಡು ಕುಂತೀವಿ.”

“ಸುಮ್ನ ಕುಂದ್ರು. ಸತ್ತಾವನ ಅವ್ವ ಇನ್ನೂ ಬಸ್ಸಿನ್ಯಾಗ ಇದ್ದಾಳ. ಸಾವಿನ್ಯಾಗ ಮುಂದ ಓಡೋದು ಎಂಥ ಶ್ಯಾಣ್ಯಾತನ?”

ಮೊನ್ನೆ ಅವಳು ಸುದ್ದಿ ಓದಲು ಕುಳಿತಾಗ ಚೌಡೇಶ ಕ್ಯಾಮೆರಾ ಆರಿಸಿದ. ಎಂದೂ ನೀರು ಕೊಡದವನು ನೀರು ತಂದಿಟ್ಟ.

“ನಿಮ್ಮ ಅಪ್ಪಾರಿಗಿ ಜರಾ ಆರಾಮಿಲ್ಲಂತ್ರಿ ಅಕ್ಕಾ. ಜೀಪು ನಿಂತದ, ನಡೀರಿ.”

ರಾಧಿಕಾ ಅವನ ಮುಖ ನೋಡಿದಳು. ಎದೆಯ ಮೇಲಿನ ಮೈಕು ಬಿಚ್ಚಿ ಮೇಜಿನ ಮೇಲಿಟ್ಟಳು.

“ಇವತ್ತಿನ ಸುದ್ದಿ ಯಾರು ಓದ್ತಾರ?”

“ನಾನ ಓದ್ತೀನ್ರಿ,” ಎಂದ ಚೌಡೇಶ. “ನೀವು ಮನಿ ಮುಟ್ಟಿದ ಮ್ಯಾಲ.”