ಯಲ್ಲೇಶನ ಪಿಚ್ಚರಿಗೆ ದುಡ್ಡು ಹಾಕಿದವರು

ಯಲ್ಲೇಶ ಮೊದಲ ಸಲ ನನ್ನ ಮನೆಗೆ ಬಂದದ್ದು ನನ್ನನ್ನು ಹೆಣವಾಗು ಎಂದು ಕೇಳುವುದಕ್ಕೆ. ದೇಶಪಾಂಡೆ ನಗರದ ಖಾನಾವಳಿಗೆ ಕೊಡಬೇಕಾದ ರೊಟ್ಟಿ ಬಡಿಯುತ್ತ ಕುಳಿತಿದ್ದೆ. ಬಾಗಿಲಲ್ಲಿ ಒಬ್ಬ ತೆಳ್ಳಗಿನ ಗಂಡಸು ಬಂದು ನಿಂತ. ಚಪ್ಪಲಿ ಬಿಟ್ಟ, ಒಳಗೆ ಬರಲಿಲ್ಲ. ಎಷ್ಟು ರೊಟ್ಟಿ ಬೇಕು ಎಂದು ಕೇಳಿದೆ. ರೊಟ್ಟಿ ಬೇಡ ಎಂದ. ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ನನ್ನ ಮುಖವನ್ನೇ ನೋಡಿದ.

"ಅವ್ವಾರ, ನಾ ಒಂದು ಪಿಚ್ಚರ್ ಮಾಡಾಕತ್ತೇನ್ರಿ. ಅದರಾಗ ಒಬ್ಬಾಕಿ ಮುದುಕಿ ಸತ್ತಿರ್ತಾಳ. ನೀವು ಸಾಯ್ತೀರೇನ್ರಿ?"

ಬೇರೆ ಯಾರೂ ಸಿಗಲಿಲ್ಲವೇ ಎಂದೆ. ನಮ್ಮ ಓಣಿಯ ಮುದುಕಿಯರನ್ನೆಲ್ಲ ಕೇಳಿ ಮುಗಿಸಿದ್ದನಂತೆ. ಗಂಡ ಇರುವವರು ಬಾಗಿಲು ಹಾಕಿಕೊಂಡರು. ಮಕ್ಕಳಿರುವವರ ಮಕ್ಕಳು ಹೊಡೆಯಲು ಬಂದರು.

"ನಿಮಗ ಎರಡೂ ಇಲ್ಲಲ್ರಿ," ಎಂದ. "ಬ್ಯಾಡ ಅನ್ನಾವ್ರ ಇಲ್ಲ."

ಮಾತು ಒರಟು. ಆದರೆ ಸುಳ್ಳಾಗಿರಲಿಲ್ಲ. ಒಪ್ಪಿಕೊಂಡೆ.

ಯಲ್ಲೇಶ ಶಿರಗುಪ್ಪಿಯವನು. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮಳಿಗೆ ಬಾಡಿಗೆಗೆ ಹಿಡಿದು ಮದುವೆಗಳ ವಿಡಿಯೋ ಮಾಡುತ್ತಿದ್ದ. ಅವನ ತಾಯಿ ಸತ್ತ ಸುದ್ದಿ ಬಂದಾಗ ಗದಗಿನಲ್ಲಿ ಒಂದು ಮದುವೆಯಲ್ಲಿದ್ದ. ಅಕ್ಷತೆ ಬೀಳುವವರೆಗೆ ಬಿಡುವುದಿಲ್ಲ ಎಂದರು. ಅಕ್ಷತೆ ಬಿದ್ದ ಮೇಲೆ, ಮದುಮಕ್ಕಳು ಉಣ್ಣುವುದನ್ನೂ ತೆಗೆದು ಹೋಗು ಎಂದರು. ತೆಗೆದು ಹೋದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತೇವೆ. ತಲೆ ವಾಲದಂತೆ ಬಟ್ಟೆಯಿಂದ ಗೂಟಕ್ಕೆ ಬಿಗಿದು, ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಅವನು ಮನೆ ಮುಟ್ಟಿದಾಗ ತಾಯಿ ಪಡಸಾಲೆಯಲ್ಲಿ ಕುಳಿತಿದ್ದಳು, ಕೊರಳಿನ ಹೂವೆಲ್ಲ ಬಾಡಿದ್ದವು. ಕಾದು ಕುಳಿತ ಜನ ಇವನನ್ನು ಬಯ್ದರು. ಕಾಲಿಗೆ ಬಿದ್ದ, ಅಳು ಬರಲಿಲ್ಲ.

ಅವನ ಪಿಚ್ಚರ್ ಅದೇ. ತಾಯಿಯ ಬದಲು ಅಜ್ಜಿ, ಮಗನ ಬದಲು ಮೊಮ್ಮಗ. ಒಂದು ದಿನ, ಒಂದು ಪಡಸಾಲೆ. ಮೊಮ್ಮಗ ಬರುವ ತನಕ ಮಕ್ಕಳೆಲ್ಲ ಮಣ್ಣು ಮಾಡುವ ಖರ್ಚು ಯಾರದು ಎಂದು ಜಗಳಾಡುತ್ತಾರೆ. ಹೆಣ ಕೇಳುತ್ತ ಕುಳಿತಿರುತ್ತದೆ.

ಇಂಥ ಕಥೆಗೆ ದುಡ್ಡು ಯಾರು ಕೊಡುತ್ತಾರೆ? ಬೆಂಗಳೂರಿಗೆ ಹೋಗಿ ಬಂದ. ಒಬ್ಬರು ಹೀರೋ ಯಾರು ಎಂದು ಕೇಳಿದರಂತೆ. ಇನ್ನೊಬ್ಬರು, ಹೆಣ ಎದ್ದು ಕುಳಿತರೆ ದುಡ್ಡು ಹಾಕುತ್ತೇನೆ ಎಂದರಂತೆ. ಅದು ಮೊದಲೇ ಕುಳಿತಿದೆ ಸರ್ ಎಂದು ಇವನು ಹೇಳಿದ್ದಕ್ಕೆ ನಕ್ಕು ಚಹಾ ಕುಡಿಸಿ ಕಳಿಸಿದರು. ಸರಕಾರದ ಸಹಾಯಧನ ಪಿಚ್ಚರ್ ಮುಗಿದ ಮೇಲೆ ಕೇಳುವಂಥದು, ಮುಗಿಸುವುದಕ್ಕೆ ಕೊಡುವವರಿಲ್ಲ. ಬ್ಯಾಂಕಿನವರು ಕ್ಯಾಮೆರಾಕ್ಕೆ ಸಾಲ ಕೊಟ್ಟರು, ಕಥೆಗೆ ಕೊಡಲಿಲ್ಲ. ಕಂತು ತಪ್ಪಿದರೆ ಕ್ಯಾಮೆರಾ ಎತ್ತಿಕೊಂಡು ಹೋಗಬಹುದು. ಕಥೆಯನ್ನು ಎತ್ತಿಕೊಂಡು ಹೋಗಿ ಏನು ಮಾಡುತ್ತಾರೆ?

ಆಗ ಅವನು ತನಗೆ ಗೊತ್ತಿದ್ದ ದಾರಿ ಹಿಡಿದ. ನಮ್ಮ ಹಳ್ಳಿಗಳಲ್ಲಿ ನಾಟಕ ಆಡುವಾಗ ಪಾತ್ರ ಮಾಡುವವರೇ ವಂತಿಗೆಯ ಪಟ್ಟಿ ಹಾಕಿ ಖರ್ಚು ನಡೆಸುತ್ತಾರೆ. ಹೆಚ್ಚು ಕೊಟ್ಟವನಿಗೆ ದೊಡ್ಡ ಪಾತ್ರ, ಕಡಿಮೆ ಕೊಟ್ಟವನು ಬಾಗಿಲು ಕಾಯುತ್ತಾನೆ. ಶಿರಗುಪ್ಪಿಯಲ್ಲಿ ಹಾಗೆಯೇ ಪಟ್ಟಿ ಎತ್ತಿದ. ಇಬ್ಬರು ತಮಗೆ ಇನ್ಸ್‌ಪೆಕ್ಟರ್ ಪಾತ್ರವೇ ಬೇಕು ಎಂದರು. ಸಾವಿನ ಮನೆಗೆ ಪೊಲೀಸರು ಯಾಕೆ ಬರಬೇಕು? ಆದರೂ ಇಬ್ಬರೂ ಬಂದರು. ಸರಿಸಮ ಪಟ್ಟಿ ಹಾಕಿದ್ದರಿಂದ ಒಬ್ಬನಿಗೆ ಒಂದು ಮಾತು ಹೆಚ್ಚಾದರೆ ಇನ್ನೊಬ್ಬ ಟೋಪಿ ತೆಗೆದು ಎಸೆಯುತ್ತಿದ್ದ. ಹೆಣದ ಪಾತ್ರಕ್ಕೆ ಮಾತ್ರ ಯಾರೂ ಪಟ್ಟಿ ಹಾಕಲಿಲ್ಲ. ಅದಕ್ಕೆ ನಾನು.

ಮೊಮ್ಮಗನ ಪಾತ್ರವನ್ನು ಯಲ್ಲೇಶ ಮಾರಲಿಲ್ಲ. ಅದನ್ನು ಹಫೀಜನಿಗೆ ಕೊಟ್ಟ. ಹಫೀಜ ಮೋಟಾರ್ ಸೈಕಲ್ ರಿಪೇರಿ ಮಾಡುವವನು. ಉಗುರಿನಲ್ಲಿ ಯಾವಾಗಲೂ ಕರಿ ಎಣ್ಣೆ. ಮೊದಲ ದಿನ ಅವನು ಪಡಸಾಲೆಗೆ ಬಂದು, ನಿಂತು, ನನ್ನ ಕಾಲ ಮೇಲೆ ಹಣೆ ಇಟ್ಟ. ಅವನ ಕಣ್ಣೀರು ನನ್ನ ಬೆರಳ ಸಂದಿಗೆ ಇಳಿಯಿತು. ನೋಡಲು ನೆರೆದಿದ್ದ ಇಬ್ಬರು ಹೆಂಗಸರು ಗೋಳೋ ಎಂದು ಅಳಲು ಶುರು ಮಾಡಿದರು. ಯಲ್ಲೇಶ ಅವರನ್ನು ಸುಮ್ಮನಿರಿಸಲಿಲ್ಲ, ಕ್ಯಾಮೆರಾ ಅವರ ಕಡೆಗೂ ತಿರುಗಿಸಿದ.

ಅರ್ಧ ಮುಗಿಯುವುದರಲ್ಲಿ ಪಟ್ಟಿಯ ದುಡ್ಡು ಮುಗಿಯಿತು. ಊಟಕ್ಕೆ ಹೋಯಿತು, ಬಾಡಿಗೆಯ ಲೈಟಿಗೆ ಹೋಯಿತು. ನಾಟಕವಾದರೆ ದುಡ್ಡು ಕೊಟ್ಟವನು ಅದೇ ಹಂಗಾಮಿನಲ್ಲಿ ರಂಗದ ಮೇಲೆ ನಿಂತು ಸೀಟಿ ಹೊಡೆಸಿಕೊಳ್ಳುತ್ತಾನೆ. ಇಲ್ಲಿ ಏನೂ ಕಾಣಲಿಲ್ಲ. ಆರು ತಿಂಗಳು ನೋಡಿದ ಇನ್ಸ್‌ಪೆಕ್ಟರರಿಬ್ಬರೂ ಒಟ್ಟಾಗಿ ಟಂಟಂ ಗಾಡಿ ತೆಗೆದುಕೊಂಡು ಬಂದು ಯಲ್ಲೇಶನ ಸ್ವಂತದ ಲೈಟು, ಸ್ಟ್ಯಾಂಡು ಹೇರಿಕೊಂಡು ಹೋದರು. ಆ ದಿನ ಅವರಲ್ಲಿ ಯಾರ ಮಾತು ಹೆಚ್ಚು ಎಂಬ ಜಗಳ ಬರಲಿಲ್ಲ.

ಆಮೇಲೆ ಬಸವಪ್ರಭು ಬಂದರು. ಅರಳೆ ವ್ಯಾಪಾರದ ಸಾಹುಕಾರರು. ಅವರ ಒಬ್ಬನೇ ಮಗ ಸಂಕೇತ ವ್ಯಾಯಾಮ ಮಾಡಿ ತೋಳು ಬೆಳೆಸಿದ್ದ, ಮಾಡುವ ಕೆಲಸ ಇರಲಿಲ್ಲ. ಪಿಚ್ಚರ್ ಮುಗಿಸಲು ಎಷ್ಟು ಬೇಕೋ ಅಷ್ಟು ಕೊಡುತ್ತೇನೆ, ಸಂಕೇತ ಹೀರೋ ಆಗಬೇಕು ಎಂದರು. ಉಣಕಲ್ಲ ಕೆರೆಯ ದಂಡೆಯಲ್ಲಿ ಅವನಿಗೊಂದು ಹಾಡು ಇರಬೇಕು. ತೆಗೆದದ್ದೆಲ್ಲ ತುಂಬಿದ ಡಿಸ್ಕು ತಮ್ಮ ತಿಜೋರಿಯಲ್ಲಿರಬೇಕು, ಇನ್ನೊಂದು ಪ್ರತಿ ಎಲ್ಲಿಯೂ ಇರಬಾರದು. ಡಿಸ್ಕು ತನ್ನ ಕೈಯಲ್ಲಿದ್ದರೆ ಕೆಲಸ ಸಲೀಸು ಎಂದು ಯಲ್ಲೇಶ ಹೇಳಿ ನೋಡಿದ.

"ಅರಳಿ ಕೊಂಡ ಮ್ಯಾಲ ಹೊಲದಾಗ ಬಿಟ್ಟು ಬರ್ತೇನೇನಲೇ?" ಎಂದರು ಸಾಹುಕಾರರು.

ಯಲ್ಲೇಶ ಒಪ್ಪಿದ. ಹಫೀಜನಿಗೆ ಹೇಳಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ, ಮುದುಕಿ ಜೊತೆಗಿದ್ದರೆ ಅವನು ಬಯ್ಯಲಾರ ಎಂದು. ಹಫೀಜ ಒಂದು ಗಾಡಿಯ ಚೈನು ಬಿಚ್ಚುತ್ತಿದ್ದ. ಕೇಳಿಸಿಕೊಂಡ, ಚೈನು ಬಿಚ್ಚಿ ಮುಗಿಸಿದ.

"ಸಾವಕಾರ್ರ ಮಗಗ ಅಳಾಕ ಬರ್ತೈತೇನಪಾ?" ಎಂದಷ್ಟೇ ಕೇಳಿದ.

ಬರುತ್ತಿರಲಿಲ್ಲ. ನಾನು ಎರಡನೆಯ ಸಲ ಹೆಣವಾಗಿ ಕುಳಿತಾಗ ಅದು ಗೊತ್ತಾಯಿತು. ಚೈತ್ರದ ಬಿಸಿಲು. ಗೂಟಕ್ಕೆ ಬಿಗಿದ ಬಟ್ಟೆಯಿಂದ ಹಣೆಯಲ್ಲಿ ಬಾಸುಂಡೆ ಎದ್ದಿತ್ತು. ಬಟ್ಟೆ ಕಾಣದಂತೆ ಯಲ್ಲೇಶ ಅದರ ಮೇಲೆ ಮಲ್ಲಿಗೆ ದಂಡೆ ಸುತ್ತಿದ್ದ. ಸಂಕೇತ ಕಾಲಿಗೆ ಬೀಳುತ್ತಿದ್ದ, ನನ್ನ ಹೊಟ್ಟೆ ಏರಿಳಿಯುವುದನ್ನು ನೋಡಿ ನಗುತ್ತಿದ್ದ. ಮುದುಕಿಗೆ ಹೊಗೆಯ ವಾಸನೆ ಎಂದು ಮೂಗು ಮುಚ್ಚಿಕೊಂಡ. ಉಳ್ಳಾಗಡ್ಡಿ ಹಿಂಡಿದ ಮೇಲೆ ಕಣ್ಣು ಕೆಂಪಾದವು, ಮುಖ ಮಾತ್ರ ನಗುತ್ತಲೇ ಇತ್ತು. ಕೊನೆಗೆ ಯಲ್ಲೇಶ ಮತ್ತೆ ಹಫೀಜನನ್ನೇ ಕರೆಸಿದ. ಅವನಿಗೆ ಸಂಕೇತನ ಅಂಗಿ ತೊಡಿಸಿ ಹಿಂದಿನಿಂದ ತೆಗೆದ. ಬಾಗಿ ಅಳುವ ಬೆನ್ನು ಹಫೀಜನದು, ಮೇಲೆದ್ದ ಮುಖ ಸಂಕೇತನದು. ಬೆನ್ನಿಗೆ ಎಷ್ಟು ಕೊಡುತ್ತೀ ಎಂದು ಹಫೀಜ ಕೇಳಲಿಲ್ಲ, ಯಲ್ಲೇಶನೂ ಕೊಡಲಿಲ್ಲ.

ಹಾಡು ತೆಗೆದದ್ದಾಯಿತು, ಪಿಚ್ಚರ್ ನಿಂತಿತು. ಧ್ವನಿ ಕೂಡಿಸಬೇಕು, ಕತ್ತರಿಸಿ ಜೋಡಿಸಬೇಕು, ಅದಕ್ಕೆ ಇನ್ನಷ್ಟು ಬೇಕು ಎಂದು ಯಲ್ಲೇಶ ಹೋದಾಗ ಸಾಹುಕಾರರಿಗೆ ಬಿಡುವು ಇರಲಿಲ್ಲ. ಮಗನಿಗೆ ಹೀರೋ ಆಗುವ ಆಸೆ ತೀರಿತ್ತು, ಕನ್ಯೆ ಗೊತ್ತಾಗಿತ್ತು. ಯಲ್ಲೇಶ ವಾರಕ್ಕೊಮ್ಮೆ ಅವರ ಅಂಗಡಿಯ ಮೆಟ್ಟಿಲಲ್ಲಿ ಕುಳಿತು ಬರುತ್ತಿದ್ದ. ಡಿಸ್ಕನ್ನಾದರೂ ಕೊಡಿ, ಬೇರೆ ಎಲ್ಲಿಯಾದರೂ ತಿರಿದು ಮುಗಿಸುತ್ತೇನೆ, ನಿಮ್ಮ ದುಡ್ಡು ದುಡಿದು ತೀರಿಸುತ್ತೇನೆ ಎಂದು ಬೇಡಿಕೊಂಡ. ಹಮಾಲರಿಗೆ ಅವನು ಮೆಟ್ಟಿಲಿನ ಚೀಲದಂತೆ ಆಗಿಬಿಟ್ಟ. ದಾಟಿ ಹೋಗುವಾಗ ಕಾಲು ತಾಗಿದರೂ ಮಾತಾಡುತ್ತಿರಲಿಲ್ಲ. ಬ್ಯಾಂಕಿನ ಕಂತಿಗೆ ಅವನ ಹೆಂಡತಿಯ ಕೊರಳಿನದು ಹೋಯಿತು, ಹಿಂದೆಯೇ ಹೆಂಡತಿಯೂ ಅಮ್ಮಿನಬಾವಿಯ ತವರಿಗೆ ಹೋದಳು.

ಕಡೆಗೆ ಒಂದು ದಿನ ಸಾಹುಕಾರರು ಅವನನ್ನು ಒಳಗೆ ಕರೆದರು. ಸಂಕೇತನ ಮದುವೆಯ ವಿಡಿಯೋ ಮಾಡಬೇಕು, ಬಿಟ್ಟಿಯಾಗಿ. ಮದುವೆ ಮುಗಿದ ಸಂಜೆ ಡಿಸ್ಕು ಕೊಡುತ್ತೇನೆ ಎಂದರು. ಅವನು ಅದನ್ನು ನನಗೆ ಹೇಳಲು ಬಂದಾಗ ಅವನ ಮುಖದಲ್ಲಿ ಹಿಂದೆಂದೂ ಕಾಣದ ಕಳೆ ಇತ್ತು. ಎರಡು ಬಿಸಿ ರೊಟ್ಟಿ ಕೇಳಿ ತಿಂದ.

ಆ ಮದುವೆಗೆ ರೊಟ್ಟಿ ಬಡಿಯಲು ಅಡುಗೆಯವರು ನನ್ನನ್ನು ಕರೆದಿದ್ದರು. ಕಲ್ಯಾಣ ಮಂಟಪದ ಹಿಂದಿನ ಅಂಗಳದಲ್ಲಿ ಕಟ್ಟಿಗೆಯ ಒಲೆ ಹೂಡಿದ್ದರು. ಒಳಗೆ ವೇದಿಕೆಯ ಎದುರಿನ ಗೋಡೆಗೆ ಮನೆಯಷ್ಟು ದೊಡ್ಡ ಪರದೆ. ಅದನ್ನು ನಡೆಸಲು ಬೆಂಗಳೂರಿನಿಂದ ಮದುವೆ ಅಲಂಕಾರದ ಕಂಪನಿಯವರು ಬಂದಿದ್ದರು. ಸಾಹುಕಾರರು ಅವರ ಕೈಗೆ ಡಿಸ್ಕು ಕೊಟ್ಟು, ಇದರಲ್ಲಿ ನನ್ನ ಮಗ ಚೆನ್ನಾಗಿ ಕಾಣುವುದನ್ನೆಲ್ಲ ಆರಿಸಿ ತೋರಿಸಿ ಎಂದಿದ್ದರು. ಅವರು ಆರಿಸಿದ್ದರು.

ಅಕ್ಷತೆ ಬಿತ್ತು. ನಾನು ಒಂದು ಬುಟ್ಟಿ ರೊಟ್ಟಿ ಹೊತ್ತು ಊಟದ ಮನೆಯ ಬಾಗಿಲಿಗೆ ಬಂದಿದ್ದೆ. ದೀಪ ಆರಿಸಿದರು. ಪರದೆಯ ಮೇಲೆ ಕೆರೆಯ ದಂಡೆಯ ಹಾಡು ಬಂತು, ಬೀಗರು ಚಪ್ಪಾಳೆ ಹೊಡೆದರು. ಹಾಡು ಮುಗಿದ ಮೇಲೆ ಶಹನಾಯಿ ಶುರುವಾಗಿ ನಾನು ಬಂದೆ. ವಿಭೂತಿ, ಹಾರ, ಹಣೆಗೆ ಮಲ್ಲಿಗೆ ದಂಡೆ. ಮದುಮಗ ನನ್ನ ಕಾಲಿಗೆ ಬಿದ್ದ. ಮೇಲೆ ಬಂಗಾರದ ಬಣ್ಣದ ಅಕ್ಷರ ಮೂಡಿದವು, ನಾನು ಕೂಡಿಸಿಕೊಂಡು ಓದಿದೆ: ಅಜ್ಜಿಯ ಆಶೀರ್ವಾದ.

ಬೆಂಗಳೂರಿನವರಿಗೆ ಅದು ಆಶೀರ್ವಾದ. ಮಂಟಪದಲ್ಲಿದ್ದ ಒಬ್ಬರಿಗೂ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಚಪ್ಪಾಳೆ ನಿಂತಿತು. ಹಫೀಜನ ಬೆನ್ನು ಅಲುಗುತ್ತಿತ್ತು, ಶಹನಾಯಿ ಊದುತ್ತಿತ್ತು. ಹೆಣ್ಣಿನ ಅಜ್ಜಿ ಕುರ್ಚಿಯಿಂದ ಎದ್ದು ನಿಂತಳು.

"ಅಕ್ಕಿಕಾಳು ಆರೂದ್ರಾಗ ಹೆಣಾ ತೋರಿಸ್ತೀರ್ಯಾ ನನ್ನ ಮೊಮ್ಮಗಳಿಗೆ?"

ದೀಪ ಹತ್ತಿತು. ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತ ನನ್ನನ್ನು ಮೊದಲು ನೋಡಿದವಳು ಕೈಯಲ್ಲಿದ್ದ ತಾಟು ಬಿಟ್ಟಳು. ನನ್ನ ಸುತ್ತ ಜಾಗ ಖಾಲಿಯಾಯಿತು. ಹೆಣ್ಣಿನ ಕಡೆಯವರು ಸಾಹುಕಾರರನ್ನು ಸುತ್ತುವರಿದು ಏಕವಚನದಲ್ಲಿ ಕೇಳತೊಡಗಿದರು. ಸಾಹುಕಾರರು ಕಂಪನಿಯ ಹುಡುಗಿಯ ಮೇಲೆ ಎರಗಿದರು. ಆಕೆಗೆ ಅಳು ಬಂದಿತ್ತು.

"ಕೂತಿದ್ರಲ್ಲ ಸಾರ್ ಅವ್ರು, ಹಾರ ಬೇರೆ ಹಾಕಿದ್ರಲ್ಲ," ಎಂದಳು.

ನಾನು ಒಲೆಯ ಹತ್ತಿರ ವಾಪಸು ಬಂದು ಕುಳಿತೆ. ಸ್ವಲ್ಪ ಹೊತ್ತಿಗೆ ಸಾಹುಕಾರರು ಅಂಗಳಕ್ಕೆ ಬಂದರು. ಕೈಯಲ್ಲಿ ಡಿಸ್ಕು ಇತ್ತು, ಅಂಗೈಯಗಲದ ಕರಿ ಡಬ್ಬಿ. ನನ್ನ ಹಂಚಿನ ಕೆಳಗೆ ಬೆಂಕಿಗೆ ಅದನ್ನು ತುರುಕಿದರು. ನಾನು ಇಕ್ಕಳಕ್ಕೆ ಕೈ ಹಾಕಿದೆ.

"ಇನ್ನೂ ಒಂದು ಪಂಕ್ತಿ ಉಣ್ಣೂದೈತಿ," ಎಂದರು, "ಬೆಂಕಿ ಮುಟ್ಟಬ್ಯಾಡ."

ಪಕ್ಕದವಳನ್ನು ಕರೆದು ನನ್ನ ಜಾಗದಲ್ಲಿ ಕೂರಿಸಿ, ನನ್ನನ್ನು ಹಿಂದಿನ ಗೇಟಿನಿಂದ ಆಚೆ ಹೋಗು ಎಂದರು. ಡಬ್ಬಿ ಕರಗುವ ನಾತ ಹಿಟ್ಟಿಗೂ ಹತ್ತಿತು. ಅವಳು ರೊಟ್ಟಿ ಹಾಕಿದಳು, ಒಳಗೆ ಉಂಡರು.

ಯಲ್ಲೇಶ ಬರುವಷ್ಟರಲ್ಲಿ ಅದರಲ್ಲಿ ಉಳಿದದ್ದೇನೂ ಇರಲಿಲ್ಲ. ಇಕ್ಕಳದಿಂದ ಎಳೆದ. ಅಂಟು ಅಂಟಾಗಿ ಬಂದು, ಅರ್ಧಕ್ಕೆ ಹರಿದು ಬೂದಿಗೆ ಬಿತ್ತು. ಸಾಹುಕಾರರ ತಮ್ಮ ಅವನ ಕೆನ್ನೆಗೆ ಎರಡು ಬಿಗಿದ. ಸಾಹುಕಾರರು ಮಾತ್ರ ಅವನನ್ನು ಮುಟ್ಟಲಿಲ್ಲ. ಶಾಂತಿ ಮಾಡಿಸುತ್ತೇವೆ ಎಂದು ಹೆಣ್ಣಿನವರನ್ನು ಒಪ್ಪಿಸಿ ಬಂದಿದ್ದರು, ಮದುಮಕ್ಕಳು ಎಲೆಯ ಮುಂದೆ ಕುಳಿತಾಗಿತ್ತು.

"ತುತ್ತು ಇಡೂದು ತಗಿ, ನಡಿ," ಎಂದರು.

ಅವನು ಕ್ಯಾಮೆರಾ ಹೆಗಲಿಗೇರಿಸಿ ಹೋದ. ಊಟದ ಮನೆಯ ಬಾಗಿಲು ತೆರೆದಿತ್ತು, ಗೇಟಿನ ಆಚೆಯಿಂದ ನನಗೆ ಕಾಣುತ್ತಿತ್ತು. ಮದುಮಗಳು ತುತ್ತು ಸರಿಯಾಗಿ ಎತ್ತಲಿಲ್ಲವೆಂದು ಅವಳಿಂದ ಇನ್ನೊಮ್ಮೆ ಎತ್ತಿಸಿದ.

ಆ ಸಂಜೆಯೇ ಅವನನ್ನು ನಾನು ಕಡೆಯದಾಗಿ ನೋಡಿದ್ದು. ಬ್ಯಾಂಕಿನವರು ಮುಂದಿನ ತಿಂಗಳು ಕ್ಯಾಮೆರಾ ಒಯ್ದರು. ಅವನು ಗೋವೆಯಲ್ಲೋ ಪುಣೆಯಲ್ಲೋ ಹೋಟೆಲಿನಲ್ಲಿದ್ದಾನೆ ಎನ್ನುತ್ತಾರೆ, ಕಂಡವರಿಲ್ಲ. ಅವನ ಮಳಿಗೆಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ನನ್ನ ಎರಡು ಸಾವಿನ ಕೂಲಿ ಬರಬೇಕಾದದ್ದು ಹಾಗೆಯೇ ಇದೆ, ಆ ದಿನದ ರೊಟ್ಟಿಯದೂ.

ಆ ಸಂಜೆ ನಾನು ಗೇಟಿನ ಹೊರಗೆ ಆಟೋಕ್ಕೆ ಕಾಯುತ್ತಿದ್ದೆ. ಜನ ಚದುರಿದ ಮೇಲೆ ಅವನು ಬಂದು ನನ್ನ ಪಕ್ಕ ನೆಲಕ್ಕೆ ಕುಳಿತ. ಕೆನ್ನೆ ಬಾತಿತ್ತು. ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದ. ಮದುಮಕ್ಕಳು ಪರದೆ ನೋಡುವಾಗ ಅವರ ಮುಖ ತೆಗೆಯಬೇಕೆಂದು ಸಾಹುಕಾರರು ತನ್ನನ್ನು ವೇದಿಕೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದರು ಎಂದ. ಮದುಮಗಳ ಮುಖ ಬಿಳುಚಿದ್ದನ್ನು ನೋಡಿದ್ದ. ಅವಳು ನೋಡುತ್ತಿದ್ದುದು ಅವನ ಬೆನ್ನ ಹಿಂದೆ ಇತ್ತು. ತಿರುಗಿದ್ದರೆ ವಿಡಿಯೋ ಕೆಡುತ್ತಿತ್ತು, ಡಿಸ್ಕು ಕೊಡುತ್ತಿರಲಿಲ್ಲ, ಅದಕ್ಕೇ ತಿರುಗಲಿಲ್ಲ ಎಂದ.

ಆಮೇಲೆ ನನ್ನ ಕಡೆ ನೋಡಿ ಕೇಳಿದ:

"ನೀವು ನೋಡಿದ್ರಲ್ಲ ಅವ್ವಾರ. ಅಷ್ಟ ದೊಡ್ಡದಾಗಿ ಹೆಂಗ ಕಾಣ್ತಿತ್ರಿ?"