ಗಂಧ ಹಚ್ಚಿದ ಲೆನ್ಸು

ಸ್ವಾತಂತ್ರ್ಯ ಬಂದ ವರ್ಷ ನಮ್ಮ ಮನೆಗೆ ಬಂದದ್ದು ಕ್ಯಾಮೆರಾ. ಬರಬೇಕಾಗಿದ್ದದ್ದು ಬೀರು. ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬರು ಗಂಟುಮೂಟೆ ಕಟ್ಟಿ ತಮ್ಮ ದೇಶಕ್ಕೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಹರಾಜಿಗಿಟ್ಟರು. ತೇಗದ ಬೀರು ಒಂದಿದೆಯಂತೆ, ಕೈಬಿಡಬೇಡಿ ಎಂದು ಅಮ್ಮ ಹೇಳಿ ಕಳಿಸಿದ್ದಳು. ಅದನ್ನಿಡಲು ನಡುಮನೆಯಲ್ಲಿ ಜಾಗವನ್ನೂ ಮಾಡಿಟ್ಟಿದ್ದಳು. ಸಂಜೆ ಅಪ್ಪ ಸೈಕಲ್ಲಿನಲ್ಲಿ ಒಬ್ಬರೇ ಬಂದರು, ಹೆಗಲಿನಲ್ಲಿ ಒಂದು ಚರ್ಮದ ಚೀಲ ತೂಗುತ್ತಿತ್ತು. ಬೀರು ಹಿಂದೆ ಗಾಡಿಯಲ್ಲಿ ಬರುತ್ತದೇನೋ ಎಂದು ಅಮ್ಮ ಬೀದಿಯ ಕೊನೆಯವರೆಗೂ ನೋಡಿದಳು. ಆ ಜಾಗ ಬಹಳ ವರ್ಷ ಖಾಲಿಯೇ ಇತ್ತು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ ಅಮ್ಮ ಅಪ್ಪನ ಮಾನ ತೆಗೆಯುತ್ತಿದ್ದಳು.

ಅದು ಜರ್ಮನಿಯಲ್ಲಿ ಮಾಡಿದ, ಮಡಿಸುವ ಕ್ಯಾಮೆರಾ. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆಗಳ ತುದಿಯಲ್ಲಿ ಲೆನ್ಸು ಟಕ್ಕೆಂದು ಬಂದು ನಿಲ್ಲುತ್ತಿತ್ತು. ಲೆನ್ಸಿನೊಳಗೆ ತೆಳ್ಳನೆಯ ಲೋಹದ ಎಸಳುಗಳು, ಪಕ್ಕದ ಕಡ್ಡಿಯನ್ನು ಸರಿಸಿದಂತೆ ಅರಳುತ್ತಿದ್ದವು, ಮುದುಡುತ್ತಿದ್ದವು. ನೋಡುವ ಕಿಂಡಿಯ ನಡುವೆ ಒಂದು ಹಳದಿ ಚೌಕ. ದೂರ ಸರಿಯಾಗಿ ಹೊಂದದಿದ್ದರೆ ಅದರೊಳಗೆ ಎಲ್ಲವೂ ಎರಡೆರಡು. ಅಕ್ಕನನ್ನು ನಿಲ್ಲಿಸಿದರೆ ಇಬ್ಬರು ಅಕ್ಕಂದಿರು ಕಾಣುತ್ತಿದ್ದರು. ಉಂಗುರವನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಬ್ಬಳು ಸರಿದು ಬಂದು ಇನ್ನೊಬ್ಬಳೊಳಗೆ ಕೂಡಿಕೊಳ್ಳುತ್ತಿದ್ದಳು. ಆ ಗಳಿಗೆ ನನಗೆ ಎಷ್ಟು ಹಿಡಿಸಿತ್ತೆಂದರೆ, ಫಿಲಂ ಇಲ್ಲದ ದಿನಗಳಲ್ಲೂ ಚಾಮುಂಡಿಪುರಂನ ನಮ್ಮ ಮನೆಯ ಜಗಲಿಯಲ್ಲಿ ಕೂತು, ಬೀದಿಯಲ್ಲಿ ಹೋಗುವ ಹಸು, ಎಮ್ಮೆ, ಸೌದೆ ಗಾಡಿ ಎಲ್ಲವನ್ನೂ ಒಂದಾಗಿಸುತ್ತಿದ್ದೆ. ಹೆಣ್ಣುಮಗಳು ಬೀದಿಯವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಾಳೆ ಎಂದು ಎದುರು ಮನೆಯಿಂದ ದೂರು ಬಂತು. ಬರಲಿ ಎಂದು ಸುಮ್ಮನಿದ್ದೆ.

ಅಪ್ಪನಿಗೆ ಕ್ಯಾಮೆರಾದ ಮೇಲೆ ಪ್ರೀತಿಯಿತ್ತು, ತಾಳ್ಮೆ ಇರಲಿಲ್ಲ. ನಾನು ಕಾಲೇಜು ಸೇರುವ ಹೊತ್ತಿಗೆ ಅದು ಪೂರಾ ನನ್ನ ಕೈಗೆ ಬಂದಿತ್ತು. ಬೆಳಕನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ, ಚಾಮುಂಡಿ ಬೆಟ್ಟವೇ ನಮಗೆ ಅಳತೆ. ಬೆಟ್ಟದ ಮೇಲಿನ ಮರಗಳು ನಿಚ್ಚಳವಾಗಿ ಕಂಡರೆ ಲೆನ್ಸಿನ ಪಕ್ಕದ ಕಡ್ಡಿಯನ್ನು ಹನ್ನೊಂದರ ಗುರುತಿಗೆ ಇಡುವುದು, ಬೆಟ್ಟ ಮಸುಕಾಗಿದ್ದರೆ ಎಂಟಕ್ಕೆ. ಬೆಟ್ಟವೇ ಕಾಣದಿದ್ದರೆ ಕ್ಯಾಮೆರಾ ಮುಚ್ಚಿಟ್ಟು ಕಾಫಿ ಕುಡಿಯುವುದು. ಹೀಗೆ ತೆಗೆದ ಫೋಟೋಗಳು ಬಹುತೇಕ ಚೆನ್ನಾಗಿಯೇ ಬರುತ್ತಿದ್ದವು. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಹಗಲನ್ನೇ ಕತ್ತಲು ಮಾಡಿಕೊಂಡು, ಅಪ್ಪ ನಾನು ಇಬ್ಬರೂ ಸೇರಿ ಫಿಲಂ ತೊಳೆಯುತ್ತಿದ್ದೆವು. ಆಗೆಲ್ಲ ಅಮ್ಮ ಹೊರಗೆ ನಿಂತು ನೀರು ಕಾಯಿಸುವುದು ಯಾವಾಗ ಎಂದು ಕೂಗುತ್ತಿದ್ದಳು.

ಇನ್ನು ಅಕ್ಕನ ವಿಷಯ. ಅವಳಿಗೆ ಚಿಕ್ಕಂದಿನಲ್ಲಿ ಸಿಡುಬಾಗಿತ್ತು. ಬದುಕಿ ಉಳಿದಳು, ಆದರೆ ಎರಡೂ ಕೆನ್ನೆಯ ಮೇಲೆ ಕುಳಿಗಳು ಉಳಿದವು. ನಮಗೆ ಅವು ಅವಳ ಮೂಗು ಬಾಯಿ ಇದ್ದಷ್ಟೇ ಸಹಜ. ಮದುವೆಯ ಮಾತು ಬಂದ ಮೇಲೆ ಮಾತ್ರ ಅವು ಮನೆಯ ತುಂಬ ದೊಡ್ಡದಾದವು. ಆ ಕಾಲದಲ್ಲಿ ಮೊದಲು ಹುಡುಗಿಯ ಫೋಟೋ ಹೋಗಬೇಕು. ಒಪ್ಪಿದರೆ ಫೋಟೋ ಅಲ್ಲೇ ಉಳಿಯುತ್ತದೆ. ಬೇಡವಾದರೆ ಯಾರ ಬಾಯಿಯಲ್ಲೂ ಬೇಡ ಎನ್ನಿಸದೆ, ತಂದವರ ಕೈಯಲ್ಲೇ ಫೋಟೋ ವಾಪಸ್ ಬರುತ್ತದೆ. ಅಮ್ಮ ಅಕ್ಕನನ್ನು ಪೇಟೆಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದಳು. ಅವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತೀಡಿ ತೀಡಿ ಒಂದು ಕುಳಿಯೂ ಇಲ್ಲದ ಹಾಗೆ ಮಾಡಿಕೊಟ್ಟರು. ಕೆನ್ನೆ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಫೋಟೋ ಒಪ್ಪಿಗೆಯಾಗಿ ಗಂಡಿನ ಕಡೆಯವರು ಮನೆಗೂ ಬಂದರು. ಹುಡುಗನ ತಾಯಿ ಅಕ್ಕನನ್ನೊಮ್ಮೆ ನೋಡಿ, ಕೈಯಲ್ಲಿದ್ದ ಫೋಟೋವನ್ನೊಮ್ಮೆ ನೋಡಿ, ಮತ್ತೆ ಅಕ್ಕನನ್ನು ನೋಡಿದರು. ಉಪ್ಪಿಟ್ಟು ತಿಂದರು, ಹೋಗುವಾಗ ಫೋಟೋವನ್ನು ತಟ್ಟೆಯ ಪಕ್ಕದಲ್ಲೇ ಬಿಟ್ಟು ಹೋದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸ್ಟುಡಿಯೋದವರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ಅಕ್ಕ ಅಳಲಿಲ್ಲ. ಸ್ಟುಡಿಯೋ ಫೋಟೋವನ್ನು ಒಲೆಗೆ ಹಾಕಿದಳು. ಅದಾಗಿ ಒಂದು ವರ್ಷ ಯಾರ ಮಾತಿಗೂ ಬಗ್ಗಲಿಲ್ಲ. ಮರುವರ್ಷದ ದಸರಾಕ್ಕೆ ಹಳ್ಳಿಯಿಂದ ಬಂದ ನಮ್ಮ ಸೋದರಮಾವ ಮತ್ತೊಂದು ಸಂಬಂಧದ ಸುದ್ದಿ ತಂದರು. ಹುಡುಗ ಮೇಟಗಳ್ಳಿಯ ಆಚೆ ಒಂದು ಊರಿನವನು, ಶಾಲೆಯಲ್ಲಿ ಮೇಷ್ಟರು. ದಸರಾ ಮುಗಿಸಿಕೊಂಡು ಊರಿಗೆ ಹಿಂತಿರುಗುವಾಗ ಫೋಟೋ ಕೊಡಿ, ತಲುಪಿಸುತ್ತೇನೆ ಎಂದರು. ಅಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ನನ್ನ ಕಡೆ ತಿರುಗಿದಳು.

"ನೀನು ತೆಗಿ. ನಾನು ಎಂಗಿದ್ದೀನೋ ಅಂಗೇ ಬರ್ಬೇಕು. ಆಮೇಲೆ ನನ್ನ ಎದುರು ಕೂತು ಯಾರೂ ಫೋಟೋ ನೋಡ್ಬಾರ್ದು."

ಅಷ್ಟು ದೊಡ್ಡ ಕೆಲಸವನ್ನು ಆ ತನಕ ಯಾರೂ ನನಗೆ ಒಪ್ಪಿಸಿರಲಿಲ್ಲ. ನನಗೆ ಹೆದರಿಕೆಯೂ ಆಯಿತು, ಜಂಬವೂ ಬಂತು.

ಅಂದು ಆಯುಧಪೂಜೆ. ಅಪ್ಪನ ನಕ್ಷೆಯ ಪೆಟ್ಟಿಗೆ, ಅಮ್ಮನ ಹೊಲಿಗೆ ಯಂತ್ರ, ಈಳಿಗೆಮಣೆ, ಸೈಕಲ್ಲು ಎಲ್ಲಕ್ಕೂ ಪೂಜೆ. ಅವುಗಳ ಸಾಲಿನಲ್ಲಿ ಕ್ಯಾಮೆರಾವೂ ಇರಬೇಕು. ಪೂಜೆಗಿಟ್ಟ ಮೇಲೆ ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವ ಹಾಗಿಲ್ಲ. ಮರುದಿನ ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅಮ್ಮ ಎಲ್ಲವನ್ನೂ ತೆಗೆದು ಒರೆಸಿಟ್ಟಿದ್ದಳು. ಬೆಟ್ಟದ ಮೇಲೆ ಮರಗಳು ನಿಚ್ಚಳವಾಗಿದ್ದವು. ಜಂಬೂಸವಾರಿಗೆ ಹೋಗಲೆಂದು ಅಕ್ಕ ಆಗಲೇ ಸೀರೆಯುಟ್ಟು ಸಿದ್ಧವಾಗಿದ್ದಳು. ಅವಳನ್ನು ತುಳಸಿಕಟ್ಟೆಯ ಹತ್ತಿರ ನಿಲ್ಲಿಸಿ, ಇಬ್ಬರು ಅಕ್ಕಂದಿರನ್ನು ಒಬ್ಬಳನ್ನಾಗಿಸಿ, ಕ್ಲಿಕ್ಕಿಸಿದೆ. ಆಮೇಲೆ ಎಲ್ಲರೂ ಮೆರವಣಿಗೆ ನೋಡಿ, ಬನ್ನಿಮಂಟಪದ ಪಂಜಿನ ಕವಾಯತನ್ನೂ ನೋಡಿ, ಕಾಲು ಬಿದ್ದುಹೋಗುವಷ್ಟು ನಡೆದು ಬಂದೆವು.

ಮಾರನೆಯ ದಿನ ಫಿಲಂ ತೊಳೆದು ಒಂದು ಪ್ರಿಂಟ್ ಹಾಕಿದಾಗ ನಾನು ಬೆಪ್ಪಾದೆ. ಅಕ್ಕನ ಸುತ್ತ ಒಂದು ಮಂದ ಬೆಳಕು ಹರಡಿಕೊಂಡಿತ್ತು. ಮುಖ ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಒಂದು ಕುಳಿಯೂ ಇಲ್ಲ. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಚಾಮುಂಡಿ ತಾಯಿ ಕಣ್ಣು ಬಿಟ್ಟಳು ಎಂದಳು. ಮಾವ ಇವತ್ತೇ ಕೊಟ್ಟುಬಿಡಿ ಎಂದರು. ಅಕ್ಕ ಫೋಟೋವನ್ನು ಹಿಡಿದು ಬಹಳ ಹೊತ್ತು ನೋಡಿ, ಇವಳು ಯಾರೇ ಎಂದು ನನ್ನನ್ನು ಕೇಳಿದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ, ಸೋತು ಹೋದಂತಿತ್ತು. ನಾನೂ ಸ್ಟುಡಿಯೋದವರ ಹಾಗೆ ಏನೋ ಮಾಡಿದ್ದೇನೆ ಎಂದುಕೊಂಡಳು. ಇಲ್ಲವೆಂದು ಎಷ್ಟು ಹೇಳಿದರೂ ನಂಬಲಿಲ್ಲ.

ಅಪ್ಪ ಭೂತಗನ್ನಡಿ ತಂದು ನೋಡಿದರು. ಅಕ್ಕನ ಮುಖ ಮಾತ್ರವಲ್ಲ, ತುಳಸಿಕಟ್ಟೆಯ ಇಟ್ಟಿಗೆಯೂ ಮಸುಕಾಗಿತ್ತು, ಎಲೆಗಳೂ ಹಾಗೆಯೇ. ಕ್ಯಾಮೆರಾ ತೆರೆದು ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ಮೇಲೆ ಹಳದಿ ಬಣ್ಣದ ತೆಳುವಾದ ಪೊರೆ, ಅಂಚಿನಲ್ಲಿ ಕುಂಕುಮದ ಕೆಂಪು. ಮೂಗಿನ ಹತ್ತಿರ ತಂದರೆ ಶ್ರೀಗಂಧದ ವಾಸನೆ ಬರುತ್ತಿತ್ತು. ನೋಡುವ ಕಿಂಡಿ ಲೆನ್ಸಿಗಿಂತ ಬೇರೆಯಾದ್ದರಿಂದ ತೆಗೆಯುವಾಗ ನನಗೆ ಇದು ಗೊತ್ತಾಗಿರಲಿಲ್ಲ.

ಅಮ್ಮ ಸ್ವಲ್ಪವೂ ಅಳುಕದೆ ಒಪ್ಪಿಕೊಂಡಳು. ಪೂಜೆಗೆ ಮೊದಲು ಗುಂಡಿ ಒತ್ತಿ ಕ್ಯಾಮೆರಾ ತೆರೆದಿದ್ದು ಅವಳೇ. "ಕಣ್ಣು ಮುಚ್ಕೊಂಡಿರೋದಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನೆ? ಕಣ್ ತೆಗ್ಸಿ, ನಡುಮಧ್ಯಕ್ಕೆ ಗಂಧ ಇಟ್ಟೆ. ಬೆಳಿಗ್ಗೆ ಸೆರಗಲ್ಲಿ ಒರೆಸ್ಬುಟ್ಟೇ ಮಡಗಿದ್ದೀನಿ ಕಣೆ." ಆ ಸೆರಗಿನಲ್ಲೇ ಅವಳು ದೀಪದ ಎಣ್ಣೆಯ ಕೈಯನ್ನೂ ಒರೆಸಿಕೊಂಡಿದ್ದಳು. ಬೈಯಬೇಕೆಂದು ಬಾಯಿ ತೆರೆದ ನನಗೆ ನಗು ಬಂದುಬಿಟ್ಟಿತು. ಮೊದಲು ನಕ್ಕಿದ್ದು ಅಕ್ಕನೋ ನಾನೋ ಈಗ ನೆನಪಿಲ್ಲ, ಆದರೆ ಅವಳಿಗೆ ನನ್ನ ಮೇಲಿದ್ದ ಅನುಮಾನ ಆ ನಗುವಿನಲ್ಲೇ ಹೋಯಿತು.

ಅಪ್ಪನ ಹಳೆಯ ಪಂಚೆಯ ಮೆತ್ತನೆ ಚೂರಿಗೆ ಒಂದೇ ಒಂದು ಹನಿ ಸ್ಪಿರಿಟ್ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ಲೆನ್ಸು ಒರೆಸಿದೆ. ಗಾಜಿನ ಮೇಲೆ ಗೀರು ಬಿದ್ದರೆ ಮುಗಿಯಿತು, ಅಂಥ ಲೆನ್ಸು ಮತ್ತೆ ಸಿಗುವುದಲ್ಲ. ಉಸಿರೂದಿ ನೋಡಿದರೆ ಮಂಜು ಸಮನಾಗಿ ಕೂತು ಸಮನಾಗಿ ಆರಬೇಕು. ಆರಿತು. ಮಾವ ಮರುದಿನವೇ ಹೊರಡುವವರಿದ್ದರು, ಇನ್ನೊಂದು ತೆಗೆಯಲು ಆ ಮಧ್ಯಾಹ್ನ ಮಾತ್ರ ಉಳಿದಿತ್ತು.

ಈ ಸಲ ಅಕ್ಕ ಜಗಲಿಯ ಕಂಬದ ಪಕ್ಕದಲ್ಲಿ ಕೂತಳು. ಇಳಿಬಿಸಿಲು ಬದಿಯಿಂದ ಬೀಳುತ್ತಿತ್ತು. ಬದಿಯ ಬೆಳಕು ಯಾರ ಮುಲಾಜೂ ನೋಡುವುದಿಲ್ಲ, ಸಣ್ಣ ತಗ್ಗನ್ನೂ ಎತ್ತಿ ತೋರಿಸುತ್ತದೆ. ಬಿಸಿಲಿಗೆ ಮುಖ ಕೊಟ್ಟು ಕೂರು, ಆಗ ಅಷ್ಟಾಗಿ ಕಾಣುವುದಿಲ್ಲ ಎಂದು ಹೇಳಿದೆ. ಅವಳು ಕದಲಲಿಲ್ಲ. ಚೌಕದೊಳಗೆ ಇಬ್ಬರನ್ನು ಸೇರಿಸುವ ಭರದಲ್ಲಿ ನಾನೇ ಉಸಿರು ಕಟ್ಟಿ ಕೆನ್ನೆ ಊದಿಸಿಕೊಂಡಿದ್ದೆನಂತೆ. ಅದನ್ನು ಕಂಡು ಅಕ್ಕ ನಕ್ಕಳು. ಆಗ ಗುಂಡಿ ಒತ್ತಿದೆ.

ಆ ಪ್ರಿಂಟು ಇನ್ನೂ ಒದ್ದೆಯಿರುವಾಗಲೇ ನನ್ನ ಕಣ್ಣು ತುಂಬಿತು. ರೆಪ್ಪೆಯ ಒಂದೊಂದು ಕೂದಲೂ ಇತ್ತು, ಒಂದೊಂದು ಕುಳಿಯೂ ಇತ್ತು, ಅವುಗಳ ನಡುವೆ ನಮ್ಮ ಅಕ್ಕ ನಗುತ್ತಿದ್ದಳು. ಇದೇ ಹೋಗಬೇಕು ಎಂದಳು ಅಕ್ಕ. ಅಮ್ಮ ಹಟ ಹಿಡಿದಳು, ದೇವಿಯೇ ಕೊಟ್ಟ ಫೋಟೋ ಬಿಟ್ಟು ಇದನ್ನು ಕಳಿಸುವುದೇ ಎಂದು ಗೋಳಾಡಿದಳು. ಇದು ವಾಪಸ್ ಬಂದರೆ ಬರಲಿ, ನನ್ನದೇ ಮುಖ ವಾಪಸ್ ಬಂತು ಎಂದುಕೊಳ್ಳುತ್ತೇನೆ ಎಂದು ಅಕ್ಕ ಹೇಳಿದ ಮೇಲೆ ಅಮ್ಮ ಸುಮ್ಮನಾದಳು. ಅಕ್ಕ ತಾನೇ ಫೋಟೋವನ್ನು ಲಕೋಟೆಗೆ ಹಾಕಿದಳು. ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತೇನೆಂದು ಅಮ್ಮ ಅದನ್ನು ದೇವರಮನೆಗೆ ಒಯ್ದು, ಆಮೇಲೆ ಅಂಟಿಸಿ ಮಾವನ ಕೈಗೆ ಕೊಟ್ಟಳು.

ದೀಪಾವಳಿ ಬಂತು, ಹೋಯಿತು. ಮಾವನಿಂದ ಸುದ್ದಿಯಿಲ್ಲ. ಗೇಟಿನ ಸದ್ದಾದಾಗಲೆಲ್ಲ ಅಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಇನ್ನೇನು ಫೋಟೋ ವಾಪಸ್ ಬರುತ್ತದೆ ಎಂದು ನಾನೂ ಒಳಗೊಳಗೇ ಅಂಜುತ್ತಿದ್ದೆ.

ಒಂದು ಭಾನುವಾರ ಮಾವ ಬಂದರು, ಜೊತೆಯಲ್ಲಿ ಮೇಷ್ಟರು, ಮೇಷ್ಟರ ತಾಯಿ. ಕೂತು ನೀರು ಕುಡಿದಾದ ಮೇಲೆ ಮೇಷ್ಟರು ಜೇಬಿನಿಂದ ಲಕೋಟೆ ತೆಗೆದರು. ಒಳಗಿನಿಂದ ಬಂದದ್ದು ಒಂದಲ್ಲ, ಎರಡು ಫೋಟೋ. ನಾವೆಲ್ಲ ಅಮ್ಮನ ಕಡೆ ತಿರುಗಿದೆವು. ಅವಳು ಸೂರಿನ ಹೆಂಚು ಎಣಿಸುತ್ತಿದ್ದಳು. ದೇವರಮನೆಯಲ್ಲಿ ಅರಿಶಿನದ ಜೊತೆ ಗಂಧದ ಫೋಟೋವನ್ನೂ ಸೇರಿಸಿಬಿಟ್ಟಿದ್ದಳು. ಮೇಷ್ಟರ ತಾಯಿ ನಗುತ್ತಲೇ, ಮನೆಯಲ್ಲಿ ಇಬ್ಬರು ಹುಡುಗಿಯರಿದ್ದಾರೆ ಎಂದುಕೊಂಡೆವು, ಯಾರನ್ನು ಕೇಳುವುದೆಂದು ತಿಳಿಯದೆ ತಡವಾಯಿತು ಎಂದರು. ಅಕ್ಕ ಬಾಗಿಲ ಹತ್ತಿರ ಬಂದು ನಿಂತಳು. ಯಾರೂ ಫೋಟೋ ನೋಡಲಿಲ್ಲ, ಅವಳನ್ನೇ ನೋಡಿದರು.

ಮೇಷ್ಟರು ಮಂಕಾದ ಫೋಟೋವನ್ನು ಎರಡು ಕೈಯಿಂದ ಅಮ್ಮನಿಗೆ ಕೊಟ್ಟರು. ಅಮ್ಮನ ಮುಖ ಬಿಳಿಚಿಕೊಂಡಿತು.

"ಇದು ನಿಮ್ಮತ್ರಾನೇ ಇರ್ಲಿ ಕಣ್ರಮ್ಮ," ಎಂದು ಇನ್ನೊಂದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಇದನ್ನ ನಾನು ವಾಪಸ್ ಕೊಡಲ್ಲ."

ಅಮ್ಮ ಸಕ್ಕರೆ ತರುತ್ತೇನೆಂದು ಎದ್ದವಳು ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಕನ್ನಡಕ ತೆಗೆದು ಒರೆಸಿದರು. ಅಕ್ಕ ನನ್ನ ಪಕ್ಕಕ್ಕೆ ಸರಿದು, ಕಿವಿಯ ಹತ್ತಿರ ಬಾಗಿ, ಕ್ಯಾಮೆರಾದಲ್ಲಿ ಇನ್ನೊಂದು ಫೋಟೋಗೆ ಫಿಲಂ ಇದೆಯೇನೇ ಎಂದು ಕೇಳಿದಳು.