ಹಸಿರು ದೀಪ

ನಂಬಬೇಡಿ. ಎಷ್ಟು ಹೊತ್ತು ನಂಬದೇ ಇರ್ತೀರೋ ನೋಡೇಬಿಡೋಣ. ಕೆರೆ ಮೇಲೆ ವಿಮಾನ ಓಡಿಸ್ತಾನೇ ಅದರ ಹೊಟ್ಟೆಗೆ ನೀರು ತುಂಬಿಸಿ, ಉರಿಯೋ ಕಾಡಿನ ಮೇಲೆ ಸುರಿದವನು ನಾನು. ಅದನ್ನ ನಿಲ್ಲಿಸೋ ಹಾಗಿಲ್ಲ. ನೀರನ್ನ ಸವರ್ಕೊಂಡು ಹೋಗೋದು, ಅಷ್ಟರಲ್ಲಿ ಟ್ಯಾಂಕ್ ಫುಲ್. ಒಂದ್ಸಲ ನೀರಿನ ಜೊತೆ ಮೀನೂ ಬಂದು, ಕೆಳಗೆ ಬೆಂಕಿ ಆರಿಸ್ತಿದ್ದವನ ಹೆಲ್ಮೆಟ್ ಮೇಲೆ ಬಿತ್ತು.

ಈಗ ವಯಸ್ಸಾಯ್ತು. ಸಿಂಗಾಪುರದ ಬೆಡೋಕಲ್ಲಿ ಮನೆ. ಕಾಕಿ ಬುಕಿತ್‌ನ ಒಂದು ಗೋಡೌನಲ್ಲಿ ಬೆಂಕಿ ಆರಿಸೋ ವಿಮಾನದ ಸಿಮ್ಯುಲೇಟರ್ ಇದೆ, ಅಲ್ಲಿ ಸುಳ್ಳು ಹೇಳೋದು ನನ್ನ ಕೆಲಸ. ಪರೀಕ್ಷೆ ದಿನ ಕೋ-ಪೈಲಟ್ ಸೀಟಲ್ಲಿ ಕೂತು ಒಂದೇ ಒಂದು ಸುಳ್ಳು ಹೇಳ್ಬೇಕು, ಓಡಿಸೋರು ಅದನ್ನ ಹಿಡೀಬೇಕು. ನನ್ನಷ್ಟು ಸಲೀಸಾಗಿ ಸುಳ್ಳು ಹೇಳೋರು ಇಡೀ ಸಿಂಗಾಪುರದಲ್ಲಿ ಸಿಗ್ಲಿಲ್ಲವಂತೆ.

ಮೈಸೂರು ಕಡೆಯವಳೊಬ್ಬಳು ಏರ್‌ಲೈನ್ ಕೆಲಸ ಬಿಟ್ಟು ಟ್ರೈನಿಂಗ್‌ಗೆ ಬಂದಿದ್ಲು. ಎರಡು ಸಲ ಫೇಲ್. ಇನ್ನೊಂದ್ಸಲ ಆದ್ರೆ ಮತ್ತೆ ಸೇರಿಸ್ಕೊಳ್ಳಲ್ಲ, ಬೆಂಕಿ ವಿಮಾನದ ಆಸೆ ಅಲ್ಲಿಗೆ ಮುಗೀತು. ಎರಡು ಸಲಾನೂ ಅದೇ ತಪ್ಪು. ಈ ವಿಮಾನಕ್ಕೆ ಚಕ್ರಾನೂ ಇದೆ, ದೋಣಿ ಥರ ಹೊಟ್ಟೇನೂ ಇದೆ. ನೀರಿಗೆ ಇಳಿಯೋವಾಗ ಚಕ್ರ ಮೇಲಿರ್ಬೇಕು, ಇಲ್ದಿದ್ರೆ ಪಲ್ಟಿ. ಚಕ್ರ ಕೆಳಗಿದ್ರೆ ಹಸಿರು ದೀಪ, ಮೇಲಿದ್ರೆ ನೀಲಿ. ಏರ್‌ಲೈನಲ್ಲಿ ವರ್ಷಗಟ್ಲೆ ಹಸಿರು ನೋಡಿ ಸಮಾಧಾನ ಪಟ್ಟವಳು, ಇಲ್ಲೂ ಹಸಿರು ಕಂಡ ತಕ್ಷಣ ನೆಮ್ಮದಿಯಾಗಿ ನೀರಿಗೆ ಇಳಿಸ್ಬಿಡೋಳು.

ಅವತ್ತು ಒಳಗೆ ಹೋಗೋ ಮುಂಚೆ, "ಅಂಕಲ್, ಇವತ್ತು ಯಾವ ಸುಳ್ಳು?" ಅಂದ್ಲು.

"ನೀನು ಪಾಸಾಗ್ತೀಯ ಅನ್ನೋದು."

"ಆಂಟಿ ನಿಮ್ಮನ್ನ ಹೆಂಗೆ ಸಹಿಸ್ಕೋತಾರೋ."

"ಕಿವಿ ಕೇಳಲ್ಲ ಅಂತ ನಾಟಕ ಆಡ್ತಾಳೆ."

ಪರೀಕ್ಷಕರು ಹಿಂದಿನ ಸೀಟಲ್ಲಿ ಕೂತ್ರು. ಪರದೆ ಮೇಲೆ ರನ್‌ವೇ, ಅದರಾಚೆ ಅಲೆಯೇ ಇಲ್ಲದ ಕೆರೆ. ಟೇಕಾಫ್ ಆದ್ಮೇಲೆ ಚಕ್ರ ಎತ್ತೋದು ನನ್ನ ಕೆಲಸ. ಎತ್ತಲಿಲ್ಲ. ಕಡಲೆಕಾಯಿ ಬೀಜ ಬಾಯಿಗೆ ಹಾಕ್ಕೊಂಡು ಆರಾಮಾಗಿ ಕೂತೆ. ಕೆರೆ ಹತ್ರ ಬಂತು.

"ನೀರಿಗೆ ಇಳೀತಿದೀನಿ. ಚಕ್ರ?"

"ಮೇಲಿದೆ," ಅಂದೆ, ಬೀಜ ಅಗೀತಾ.

ದೀಪದ ಕಡೆ ನೋಡಿದ್ಲು. ಹಸಿರು. ಸರಿ ಅನ್ನೋ ಹಾಗೆ ತಲೆ ಆಡಿಸಿದ್ಲು. ವಿಮಾನ ಇಳೀತಾನೇ ಇತ್ತು. ನಾನು ಇನ್ನೊಂದು ಬೀಜ ಬಾಯಿಗೆ ಹಾಕ್ಕೊಂಡೆ. ಇನ್ನೇನು ನೀರು ತಾಗ್ಬೇಕು, ಆಗ ಅವಳು ಮತ್ತೆ ದೀಪ ನೋಡಿ, "ನೀಲಿ ಎಲ್ಲಿ?" ಅಂತ ತನಗೆ ತಾನೇ ಕೇಳ್ಕೊಂಡು, ಪವರ್ ಕೊಟ್ಟು ವಿಮಾನಾನ ಮೇಲಕ್ಕೆ ಎಳೆದ್ಲು.

"ಸುಳ್ಳು, ಅಂಕಲ್. ಚಕ್ರ ಎತ್ತಿ."

ಎತ್ತಿದೆ. ನೀಲಿ ಬಂತು. ಒಂದು ಸುತ್ತು ಹಾಕ್ಕೊಂಡು ಬಂದು, ನೀರು ತುಂಬಿಸ್ಕೊಂಡು ಹೋದ್ಲು. ಹಿಂದೆ ಕೂತಿದ್ದವರು ಪಾಸ್ ಅಂದ್ರು.

ಆಮೇಲೆ ಹಾಕರ್ ಸೆಂಟರಲ್ಲಿ ಕಾಫಿ ಕುಡೀತಾ ಜಗಳಕ್ಕೆ ಬಂದ್ಲು. "ನಾನು ಪಾಸಾಗ್ತೀನಿ ಅನ್ನೋದೇ ಸುಳ್ಳು ಅಂದ್ರಲ್ಲ?"

"ಅದೂ ಸುಳ್ಳೇ."

ಮೀನಿನ ವಿಷಯ ನಿಜ. ನಿಮಗೆ ಅನುಮಾನ ಇದ್ದಿದ್ದು ಅಲ್ಲೇ ತಾನೆ? ಈ ಕಥೆಗೆ ನಾನು ಸೇರಿಸಿದ್ದು ಕಡಲೆಕಾಯಿ ಬೀಜ ಒಂದೇ. ಸಿಮ್ಯುಲೇಟರ್ ಒಳಗೆ ಏನೂ ತಿನ್ನೋ ಹಾಗಿಲ್ಲ. ತಿನ್ನಬಹುದು ಅಂದಿದ್ರೂ ಅವತ್ತು ಅವಳು ಹಸಿರು ನೋಡಿ ತಲೆ ಆಡಿಸಿದ ಮೇಲೆ ನನಗೆ ಅದು ಗಂಟಲಲ್ಲಿ ಇಳೀತಿರ್ಲಿಲ್ಲ.